ಬಕಲ್ ಹಾಕದ ಲೈಫ್ ಜಾಕೆಟ್ಟು

ನಿನ್ನೆ ಭಾನುವಾರ ಅಮ್ಮನ್ನೂ ತಂಗಿ ಮನೆಯೋರ್ನೂ ಕರ್ಕೊಂಡು ಹೇಮಾವತಿ ಹಿನ್ನೀರಿಗೆ ಹೋಗಿದ್ದೆ, ಬೋಟಿಂಗ್ ಅಂತ. ಯಾವ ದಂಡೆ, ಯಾರ ಬೋಟು ಅಂತ ಬರೆಯಲ್ಲ, ಒಬ್ಬರನ್ನ ಬೈದ್ರೆ ಮುಗಿಯೋ ವಿಷ್ಯ ಅಲ್ಲ ಇದು. ಆದ್ರೆ ರಾತ್ರಿ ನಿದ್ದೆ ಬರ್ಲಿಲ್ಲ ಕಣ್ರೀ.

ದಡದಲ್ಲಿ ಲೈಫ್ ಜಾಕೆಟ್ ರಾಶಿ ಬಿದ್ದಿತ್ತು. ಒದ್ದೆ ಒದ್ದೆ, ಅರ್ಧಕ್ಕೆ ಬಕಲ್ಲೇ ಇಲ್ಲ, ಕೆಲವಕ್ಕೆ ಬೆಲ್ಟ್ ಕಿತ್ತೋಗಿ ಗಂಟು ಹಾಕಿದಾರೆ. ತಂಗಿ ಮಗನಿಗೆ ಐದು ವರ್ಷ, ಅವನಿಗೂ ದೊಡ್ಡೋರದ್ದೇ ಕೊಟ್ರು, ಮೊಣಕಾಲಿಗೆ ಬರ್ತಿತ್ತು. ಮಕ್ಕಳದ್ದು ಕೊಡಪ್ಪ ಅಂದ್ರೆ "ಇಲ್ಲ ಅಕ್ಕ, ಹತ್ತು ನಿಮಿಷದ ರೌಂಡು, ಏನಾಗಲ್ಲ ಕೂತ್ಕೊಳಿ" ಅಂದ ಹುಡುಗ. ಬೋಟಲ್ಲಿ ಆಗ್ಲೇ ಕೂತಿದ್ದೋರ್ನ ನೋಡ್ದೆ, ಬಕಲ್ ಹಾಕ್ಕೊಂಡೋರು ಒಬ್ರೂ ಇಲ್ಲ. ಶಾಲು ಹೊದ್ದಂಗೆ ಹೆಗಲಿಗೆ ಏರಿಸ್ಕೊಂಡು, ಸೆಲ್ಫಿ ತಗೊಂಡು, ಬಿಚ್ಚಿ ಕೆಳಗೆ ಹಾಕ್ಕೊಂಡು ಕೂತಿದ್ರು.

ಬಕಲ್ ಹಾಕ್ದೇ ಇದ್ರೆ ನೀರಿಗೆ ಬಿದ್ದ ಕೂಡ್ಲೇ ಜಾಕೆಟ್ ಮೇಲೆ ತೇಲುತ್ತೆ, ಮನುಷ್ಯ ಅದರೊಳಗಿಂದ ಕೆಳಗೆ ಜಾರ್ತಾನೆ. ಪುಟ್ಟ ಮಕ್ಕಳಿಗೆ ದೊಡ್ಡ ಸೈಜು ಹಾಕಿದ್ರೆ ಮುಖವನ್ನೇ ಮುಚ್ಚುತ್ತೆ. 2009ರಲ್ಲಿ ಕೇರಳದ ತೇಕ್ಕಡಿ ಕೆರೇಲಿ ಟೂರಿಸ್ಟ್ ಬೋಟ್ ಮಗುಚಿ 45 ಜನ ಹೋದ್ರು. 2023ರ ಮೇನಲ್ಲಿ ಅದೇ ಕೇರಳದ ತಾನೂರಲ್ಲಿ ಬೋಟ್ ಮಗುಚಿ 22 ಜನ. 2024ರ ಜನವರಿ 18ಕ್ಕೆ ವಡೋದರದ ಹರ್ಣಿ ಕೆರೇಲಿ ಸ್ಕೂಲಿಂದ ಪಿಕ್ನಿಕ್ಕಿಗೆ ಬಂದಿದ್ದ 12 ಮಕ್ಕಳು, 2 ಟೀಚರ್‌ಗಳು. ಬೋಟಲ್ಲಿ ಮಿತಿಗಿಂತ ಜಾಸ್ತಿ ಜನ, ಎಷ್ಟೋ ಮಕ್ಕಳಿಗೆ ಜಾಕೆಟ್ಟೇ ಇರ್ಲಿಲ್ಲ. ಆ ಮಕ್ಕಳ ಅಪ್ಪ ಅಮ್ಮಂದಿರೂ ಬೆಳಿಗ್ಗೆ ತಿಂಡಿ ಡಬ್ಬಿ ಕಟ್ಟಿಕೊಟ್ಟು ಕಳಿಸಿದ್ದೋರೇ ತಾನೆ?

ನಮ್ಮ ಭಾವ ಹೇಳ್ತಾರೆ, ಹಿಂದಿನೋರೆಲ್ಲ ಹರಿಗೋಲಲ್ಲಿ ಹೊಳೆ ದಾಟ್ತಿರಲಿಲ್ವಾ, ಅವರಿಗ್ಯಾವ ಜಾಕೆಟ್ಟು, ಈಜು ಬಂದ್ರೆ ಆಯ್ತಪ್ಪ ಅಂತ. ದಾಟ್ತಿದ್ರು. ಆದ್ರೆ ಹರಿಗೋಲಲ್ಲಿ ಯಾರಾದ್ರೂ ಎದ್ದು ನಿಂತ್ರೆ ಅಂಬಿಗ ಅಲ್ಲೇ ಗದರಿಸಿ ಕೂರಿಸ್ತಿದ್ದ, ಹೊಳೆ ಏರಿದ್ರೆ ಹರಿಗೋಲು ಇಳಿಸ್ತಲೇ ಇರ್ಲಿಲ್ಲ ಅಂತ ನಮ್ಮಜ್ಜ ಹೇಳ್ತಿದ್ರು. ಇನ್ನು ಈಜು. ಹಿನ್ನೀರು ಅಂದ್ರೆ ಕೆರೆನೂ ಅಲ್ಲ ಹೊಳೆನೂ ಅಲ್ಲ ಸ್ವಾಮಿ, ಮುಳುಗಿದ ಊರು ಅದು. ಇದೇ ಹಿನ್ನೀರಲ್ಲಿರೋ ಶೆಟ್ಟಿಹಳ್ಳಿಯ ಹಳೇ ಚರ್ಚು ಮಳೆಗಾಲಕ್ಕೆ ಅರ್ಧ ಮುಳುಗಿ ಬೇಸಿಗೆಗೆ ಬುಡ ಸಮೇತ ಕಾಣುತ್ತಲ್ಲ, ಹಂಗೇ ನೀರು ಇಳಿದಾಗ ಒಮ್ಮೆ ಹೋಗಿ ನೋಡಿ. ಮರದ ಬೊಡ್ಡೆ, ಹಳೇ ಗೋಡೆ, ಮಂಡಿವರೆಗೂ ಹೂತ್ಕೊಳ್ಳೋ ಗೋಡುಮಣ್ಣು. ಅದರಲ್ಲಿ ಕಾಲು ಸಿಕ್ಕಿಹಾಕ್ಕೊಂಡ್ರೆ ಯಾವ ಈಜು?

ನಮ್ಮಮ್ಮನ ತವರೂರೂ ಅಲ್ಲೇ ಇರೋದು, ನಿಮ್ಮಲ್ಲಿ ಸುಮಾರು ಜನಕ್ಕೆ ಗೊತ್ತು. 1979ರಲ್ಲಿ ಹೇಮಾವತಿಗೆ ಕಟ್ಟಿದ ಗೊರೂರು ಡ್ಯಾಮ್ ಮುಗೀತು, ಅಜ್ಜನ ತೋಟ, ಕಣ, ಕಲ್ಲು ಕಟ್ಟಿದ ಬಾವಿ ಎಲ್ಲಾ ಒಳಗೆ. ನಿನ್ನೆ ದಡದಲ್ಲಿ ನಿಂತು ಅಮ್ಮ ಬೆರಳು ತೋರಿಸಿ "ಅಗೋ ಅಲ್ಲೇ ಬಾವಿ ಇದ್ದಿದ್ದು" ಅಂದ್ರು. ಆ ಬೋಟು ಅದೇ ಕಡೆ ಹೋಗ್ತಿತ್ತು, ಒಂದು ಮಗು ಅಂಚಿಗೆ ನಿಂತು ನೀರಿಗೆ ಕೈ ಹಾಕ್ತಿತ್ತು. ನನ್ನ ಹೊಟ್ಟೆಲಿ ಏನೋ ಕಲಸಿದಂಗಾಯ್ತು.

ಇನ್ನೊಂದು ಹೇಳ್ಬೇಕು. ಹೋದ ವರ್ಷ ನಾನೂ ಫೋಟೋಗೆ ಸೀರೆ ಚೆನ್ನಾಗಿ ಕಾಣ್ಲಿ ಅಂತ ನಡುನೀರಲ್ಲಿ ಜಾಕೆಟ್ ಬಿಚ್ಚಿದ್ದೆ. ಆ ಫೋಟೋ ಇಲ್ಲೇ ಹಾಕಿದ್ದೆ, ನೀವೆಲ್ಲ ಲೈಕ್ ಒತ್ತಿದ್ರಿ. ರಾತ್ರಿ ತೆಗೆದುಹಾಕ್ದೆ.

ನಾವು ಬೋಟ್ ಹತ್ತಲಿಲ್ಲ. ತಂಗಿ ಮಗ ದಾರಿಯುದ್ದಕ್ಕೂ ಅತ್ತ, ಹಾಸನ ಬರೋವರೆಗೂ "ದೊಡ್ಡಮ್ಮ ಬೇಡ" ಅಂತಿದ್ದ. ಅವನನ್ನ ಬೋಟಲ್ಲಿ ಕೂರಿಸ್ಬೇಕು ಅಂತ ನನಗೂ ಆಸೆ ಇದೆ. ಐದು ವರ್ಷದ ಮಕ್ಕಳಿಗೆ ಸರಿಹೋಗೋ, ಕಾಲ್ಸಂದಿಲಿ ಬೆಲ್ಟ್ ಬರೋ ಜಾಕೆಟ್ ಹಾಸನದಲ್ಲೋ ಚಿಕ್ಕಮಗಳೂರಲ್ಲೋ ಸಿಗುತ್ತಾ? ಗೊತ್ತಿದ್ದೋರು ಅಂಗಡಿ ಹೇಳಿ, ಈ ವಾರವೇ ಹೋಗಿ ತರ್ತೀನಿ.