ಸೇನೆಗೆ ಹೋದ ಮಗ ಫೋನ್ ಮಾಡಿದಾಗ ಏನು ಕೇಳಬೇಕು

ಕೋಲಾರ, ಚಿಂತಾಮಣಿ, ಶ್ರೀನಿವಾಸಪುರದ ಕಡೆಯಿಂದ ಅಗ್ನಿವೀರರಾಗಿ ಹೋಗುವ ಹುಡುಗರಲ್ಲಿ ಕೆಲವರಿಗೆ ಬೆಂಗಳೂರೇ ಸಿಗುತ್ತೆ, ಅಲಸೂರು ಕೆರೆ ಹತ್ತಿರದ ಮದ್ರಾಸ್ ಇಂಜಿನಿಯರ್ ಗ್ರೂಪ್ ಸೆಂಟರ್, ಅಂದರೆ ಸೇನೆಯ ಟ್ರೈನಿಂಗ್ ಕೇಂದ್ರ. "ಎರಡು ಗಂಟೆ ದಾರಿ ತಾನೆ, ಹೋಗಿ ನೋಡ್ಕೊಂಡು ಬರೋಣ" ಅಂತ ಅಮ್ಮಂದಿರಿಗೆ ಸಮಾಧಾನ. ನನಗನ್ನಿಸುವುದು, ಹತ್ತಿರದ ಸೆಂಟರೇ ಹೆಚ್ಚು ನೋಯಿಸುತ್ತೆ ಅಂತ. ನಾಸಿಕ್‌ನ ಸೆಂಟರ್‌ಗೆ ಹೋದವನು ದೂರ ಇದ್ದಾನೆ ಅಂತ ಮನಸ್ಸು ಒಪ್ಪಿಕೊಳ್ಳುತ್ತೆ. ಇಲ್ಲೇ ಇರುವ ಮಗನನ್ನು ಬೇಕೆಂದಾಗ ನೋಡೋಕಾಗಲ್ಲ ಅನ್ನೋದನ್ನು ಒಪ್ಪುವುದಿಲ್ಲ.

ಟ್ರೈನಿಂಗ್‌ನಲ್ಲಿ ಮೊಬೈಲ್ ಅವನ ಕೈಲಿರಲ್ಲ, ಸೆಂಟರ್‌ನವರು ಕೊಟ್ಟ ಹೊತ್ತಿಗೆ ಮಾತ್ರ ಸಿಗುತ್ತೆ. ಫೋನ್ ಬರಲಿಲ್ಲ ಅಂದರೆ ಏನೋ ಆಗಿದೆ ಅಂತಲ್ಲ. ಬಂದಾಗ ನಾವು ಮೊದಲು ಕೇಳೋದು ಊಟ. ಊಟ ಹೊಟ್ಟೆ ತುಂಬ ಸಿಗುತ್ತೆ, ಮುದ್ದೆ ಇರಲ್ಲ ಅಷ್ಟೆ. ಕೇಳಬೇಕಾದ್ದು ಕಾಲಿನ ವಿಚಾರ.

ಸೇನಾ ಭರ್ತಿ ರ‍್ಯಾಲಿಗೆ ಅಂತ 1.6 ಕಿ.ಮೀ.ಯನ್ನು ಐದೂವರೆ ನಿಮಿಷದಲ್ಲಿ ಮುಗಿಸೋಕೆ ಹುಡುಗರು ತಿಂಗಳುಗಟ್ಟಲೆ ಓಡ್ತಾರೆ. ಪಾಸಾದ ಮೇಲೆ ಕರೆ ಬರುವವರೆಗೆ ಓಟ ನಿಂತೇಹೋಗುತ್ತೆ. ಆಮೇಲೆ ಒಮ್ಮೆಲೇ ದಿನವೂ ಓಟ, ಡ್ರಿಲ್‌ನಲ್ಲಿ ಹಿಮ್ಮಡಿ ಕುಟ್ಟೋದು, ಪಳಗದ ಬೂಟು. ಮೂಳೆ ಹೊಂದಿಕೊಳ್ಳುವ ಮೊದಲೇ ಭಾರ ಏರಿ ಕೂದಲೆಳೆಯಂಥ ಬಿರುಕು ಬಿಡುತ್ತೆ. ಮೊಣಕಾಲಿನ ಕೆಳಗೆ, ಮುಂದಿನ ಮೂಳೆ ಮೇಲೆ ಒಂದೇ ಜಾಗದಲ್ಲಿ ಬೆರಳಿಟ್ಟರೆ ನೋಯುತ್ತಾ ಅಂತ ಕೇಳಿ. ಹೌದು ಅಂದರೆ ಅವತ್ತೇ ಟ್ರೈನಿಂಗ್ ಕೊಡುವ ಉಸ್ತಾದ್‌ಗೆ ಹೇಳಿ ಡಾಕ್ಟರ್‌ಗೆ ತೋರಿಸು ಅನ್ನಿ. ಹಿಂದೆ ಬರುವ ಬ್ಯಾಚಿಗೆ ಇಳಿಸಿಬಿಡ್ತಾರೆ ಅನ್ನೋ ಭಯಕ್ಕೆ ಹುಡುಗರು ಮುಚ್ಚಿಡ್ತಾರೆ, ಕೆಲವು ವಾರದ ವಿಶ್ರಾಂತಿಯಲ್ಲಿ ಹೋಗುವ ನೋವು ತಿಂಗಳುಗಟ್ಟಲೆ ಎಳೆಯುತ್ತೆ. ಹಾಗಾಗಿ ಹೊರಡುವವರೆಗೂ ವಾರಕ್ಕೆ ನಾಲ್ಕು ದಿನವಾದರೂ ಓಡಲಿ.

ಕಾಗದಪತ್ರ ಅಪ್ಪಂದಿರ ಕೆಲಸ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ತಂದೆ ವೆಂಕಟರಮಣಪ್ಪ, ಆಧಾರ್‌ನಲ್ಲಿ ವೆಂಕಟರವಣಪ್ಪ. ನಮ್ಮ ಕಡೆ ಇದು ಮನೆಮನೆ ಕಥೆ. ಸೇನೆಯ ದಾಖಲೆಗೆ ಒಮ್ಮೆ ತಪ್ಪು ಹೋದರೆ ತಿದ್ದಿಸೋಕೆ ಅಫಿಡವಿಟ್ಟು, ಅಲೆದಾಟ. ಮೊದಲೇ ಸರಿಮಾಡಿಸಿ.

ಸಂಬಳದ ಲೆಕ್ಕವನ್ನೂ ಮನೆಯಲ್ಲಿ ಬಾಯ್ಬಿಟ್ಟು ಮಾತಾಡಿ. ಮೊದಲ ವರ್ಷ ತಿಂಗಳಿಗೆ 30,000, ಅದರಲ್ಲಿ 9,000 ಅವಧಿ ಮುಗಿದಾಗ ಒಟ್ಟಿಗೆ ಸಿಗುವ ಸೇವಾ ನಿಧಿಗೆ ಹೋಗಿ ಕೈಗೆ 21,000. ಅವಧಿ ನಾಲ್ಕು ವರ್ಷ, ಆಮೇಲೆ ಖಾಯಂ ಆಗೋದು ಶೇ. 25ರವರೆಗೆ ಮಾತ್ರ. ಆ ಸಂಬಳ ನಂಬಿ ಮನೆ ಕಟ್ಟೋ ಸಾಲ ಎತ್ತಬೇಡಿ. ಹತ್ತೊಂಬತ್ತು ವರ್ಷದ ಹುಡುಗನ ತಲೆ ಮೇಲೆ ಓಟದ ಜೊತೆ ಕಂತೂ ಕೂರುತ್ತೆ.

ಭಾಷೆಯ ಚಿಂತೆ ಅಷ್ಟು ಬೇಡ. ನಮ್ಮ ಹುಡುಗರಿಗೆ ತೆಲುಗು ಬರುತ್ತೆ, ಬ್ಯಾರಕ್‌ನಲ್ಲಿ ಆಂಧ್ರದ ಜೊತೆಗಾರರು ಸಿಕ್ಕರೆ ಅರ್ಧ ಒಂಟಿತನ ಹೋಗುತ್ತೆ. ಹಿಂದಿ ಮಾತ್ರ ಎಣಿಕೆ, ಎಡ ಬಲ, ಸಾವಧಾನ್, ವಿಶ್ರಾಮ್ ಇಷ್ಟಾದರೂ ಕಲಿತು ಹೋಗಲಿ.

ಹೊರಡುವ ದಿನ ಬಸ್ ಸ್ಟ್ಯಾಂಡಿನಲ್ಲಿ ಅಳು ಬಂದರೆ ಅತ್ತುಬಿಡಿ, ಅವನೂ ಅಳಲಿ. ಫೋನಿನಲ್ಲಿ ಮಾತ್ರ "ಆಗಲ್ಲ ಅಂದ್ರೆ ಬಂದ್ಬಿಡು ಕಂದ" ಅನ್ನಬೇಡಿ. ಮೂರನೇ, ನಾಲ್ಕನೇ ವಾರದಲ್ಲಿ ಅವನು ಆ ಮಾತಿಗೇ ಕಾಯ್ತಾ ಇರ್ತಾನೆ.