ಲಿಫ್ಟಿನ ಸೀನಿಗೆ ಆರಿದ ಚಹಾ

ವಿಜಯಪುರದ ಗಾಂಧಿ ಚೌಕದ ಆಸುಪಾಸಿನ ಚಹಾದಂಗಡಿಯಲ್ಲಿ ನಾಲ್ಕು ಮಂದಿ ಕೂತು ‘ಡ್ರೈವ್’ ಸಿನಿಮಾದ ಬಗ್ಗೆ ಜಗಳಾಡುತ್ತಿದ್ದರೆ ಒಂದು ಮಾತು ಖಾತ್ರಿ: ನಾಲ್ವರೂ ನೋಡಿದ್ದು ನಾಲ್ಕು ಬೇರೆ ಸಿನಿಮಾ. ಹೆಸರೇನೋ ಒಂದೇ. 2011ರಲ್ಲಿ ನಿಕೊಲಸ್ ವೈಂಡಿಂಗ್ ರೆಫ್ನ್ ಎಂಬ ಡೆನ್ಮಾರ್ಕಿನವನು ಮಾಡಿ, ಕಾನ್ ಚಿತ್ರೋತ್ಸವದಲ್ಲಿ ಉತ್ತಮ ನಿರ್ದೇಶಕ ಅನ್ನಿಸಿಕೊಂಡದ್ದೂ ಅದೇ. ಆದರೆ ಒಬ್ಬ ನೋಡಿದ್ದು ರಾತ್ರಿ ಹಾಸಿಗೆಯಲ್ಲಿ ಮಲಗಿ ಮೊಬೈಲಿನಲ್ಲಿ. ಇನ್ನೊಬ್ಬ ಕಂತಿನ ಮೇಲೆ ತಂದ ಹೊಸ ಟಿವಿಯಲ್ಲಿ. ಮೂರನೆಯವ ಮನೆಮಂದಿ ಜೊತೆ ಅರ್ಧ. ನಾಲ್ಕನೆಯವ ಸಿನಿಮಾ ನೋಡೇ ಇಲ್ಲ, ಹತ್ತು ನಿಮಿಷದಲ್ಲಿ ಪೂರಾ ಕಥೆ ಹೇಳುವ ವಿಡಿಯೊ ನೋಡಿ ಬಂದಿದ್ದಾನೆ. ಎಲ್ಲರಿಗಿಂತ ಜೋರಾಗಿ ಮಾತಾಡುವವನು ಇವನೇ.

ಕಥೆ ಸಣ್ಣದು. ಲಾಸ್ ಏಂಜಲಿಸ್‌ನಲ್ಲಿ ಒಬ್ಬನಿಗೆ ಹಗಲು ಗ್ಯಾರೇಜು, ಸಿನಿಮಾ ಸ್ಟಂಟು. ರಾತ್ರಿ ಕಳ್ಳರನ್ನು ಕಾರಿನಲ್ಲಿ ಕೂರಿಸಿಕೊಂಡು ಪಾರು ಮಾಡುವ ಕೆಲಸ. ಪಕ್ಕದ ಮನೆಯಾಕೆಯ ಮೇಲೆ ಮನಸ್ಸು. ಜೈಲಿನಿಂದ ಬಂದ ಅವಳ ಗಂಡನಿಗೆ ನೆರವಾಗಲು ಹೋಗಿ ರಕ್ತದ ಕಾಲುವೆ. ನಾಯಕನಿಗೆ ಕೊನೆಯವರೆಗೂ ಹೆಸರಿಲ್ಲ. ಆ ಪಾತ್ರ ಮಾಡಿದ ರಯಾನ್ ಗೋಸ್ಲಿಂಗ್ ಬಾಯಲ್ಲಿ ಹಲ್ಲುಕಡ್ಡಿ ಇಟ್ಟುಕೊಂಡು, ಕೇಳಿದ್ದಕ್ಕೆಲ್ಲ ಅರೆ ಮುಗುಳ್ನಗೆ ಕೊಟ್ಟು ಸುಮ್ಮನಾಗುತ್ತಾನೆ. ನಮ್ಮ ಕಡೆ ಬಸ್ಸಿನಲ್ಲಿ ಪಕ್ಕ ಕೂತವನು ಎರಡು ಸ್ಟಾಪಿನೊಳಗೆ ನಿಮ್ಮ ಊರು ಯಾವುದು, ಹೊಲ ಎಷ್ಟು ಎಕರೆ, ದ್ರಾಕ್ಷಿಯೋ ತೊಗರಿಯೋ ಎಂದು ಕೇಳಿ ಮುಗಿಸಿರುತ್ತಾನೆ. ಹೀಗಿರುವಾಗ ಮೊದಲ ತಕರಾರು ಎಲ್ಲಿಂದ ಶುರುವಾಗಬೇಕೋ ಅಲ್ಲಿಂದಲೇ ಶುರು.

“ಮೂಕ ಅದಾನೇನ್ಲೇ ಅವ?”

“ಮೂಕ ಅಲ್ಲೋ ಯಪ್ಪಾ, ಸ್ಟೈಲ್ ಅದು.”

“ಆಕಿ ಗಂಡ ಎದುರಿಗೆ ಬಂದು ನಿಂತಾಗೂ ಸ್ಟೈಲಾ?”

ಇಂಥ ಸಿನಿಮಾಗಳಿಗೆ ನಿಯೋ ನಾಯ್ರ್ ಎಂದು ಹೆಸರು. 1940-50ರ ದಶಕದಲ್ಲಿ ಅಮೆರಿಕದ ಕಪ್ಪು-ಬಿಳುಪು ಅಪರಾಧ ಚಿತ್ರಗಳು ಒಂದೇ ದೀಪ, ಉದ್ದ ನೆರಳು, ಕಿಟಕಿಯ ಪಟ್ಟಿಪಟ್ಟಿ ಬೆಳಕು ಇಟ್ಟುಕೊಂಡು ಮಾಡಿದ ಆಟವನ್ನೇ ಮುಂದಿನವರು ಬಣ್ಣದಲ್ಲಿ ಆಡಿದರು. ರಾತ್ರಿ ಸೀನಿಗೆ ಮೊದಲು ರಸ್ತೆಗೆ ಟ್ಯಾಂಕರ್‌ಗಟ್ಟಲೆ ನೀರು ಹೊಡೆಯುತ್ತಾರೆ. ಒಣ ಡಾಂಬರು ಬೆಳಕನ್ನು ನುಂಗುತ್ತದೆ, ಒದ್ದೆ ಡಾಂಬರು ತಿರುಗಿಸಿ ಕೊಡುತ್ತದೆ. ಮಳೆಯೇ ಬಾರದ ಊರಿನಲ್ಲೂ ರಸ್ತೆ ಯಾಕೆ ಮಿಂಚುತ್ತದೆ ಎಂಬುದಕ್ಕೆ ಇಷ್ಟೇ ಕಾರಣ. ಬೇಸಿಗೆಯಲ್ಲಿ ನಳಕ್ಕೆ ನೀರು ಬರುವುದನ್ನೇ ಕಾಯುವ ಓಣಿಯವರಿಗೆ ಇದನ್ನು ಹೇಳದಿರುವುದು ಒಳ್ಳೆಯದು. ಚರ್ಚೆ ಸಿನಿಮಾ ಬಿಟ್ಟು ನಗರಪಾಲಿಕೆಯ ಕಡೆ ಹೊರಳುತ್ತದೆ.

ಇಂಥ ಚಿತ್ರದ ಅರ್ಧ ಕಥೆ ಇರುವುದು ಕತ್ತಲಲ್ಲಿ. ಆ ಕತ್ತಲೇ ಸರಿಯಾಗಿ ಕಾಣದಿದ್ದರೆ ಉಳಿಯುವುದು ಒಬ್ಬ ಮಾತಾಡದ ಮನುಷ್ಯ ಮತ್ತು ಒಂದು ಸುತ್ತಿಗೆ. ಮೊಬೈಲಿನವನ ಪಾಡು ಇದೇ. ಡೇಟಾ ಉಳಿಸುವ ಸೆಟ್ಟಿಂಗು ಹಾಕಿದ್ದಾನೆ, ಚಿತ್ರದ ಗುಣಮಟ್ಟ 480ಕ್ಕೆ ಇಳಿದಿದೆ. ವಿಡಿಯೊವನ್ನು ಹಿಂಡಿ ಸಣ್ಣದು ಮಾಡುವಾಗ ಮೊದಲ ಕತ್ತರಿ ಬೀಳುವುದೇ ಕಪ್ಪಿನೊಳಗಿನ ಸೂಕ್ಷ್ಮಕ್ಕೆ. ಹತ್ತು ಬಗೆಯ ಕಪ್ಪು ಇರಬೇಕಾದಲ್ಲಿ ಎರಡು ಬಗೆ ಉಳಿದು, ಗೋಡೆಯ ಮೇಲೆ ಚೌಕ ಚೌಕ ಕಲೆ ಓಡಾಡುತ್ತವೆ. ಮೇಲಿಂದ ಕಣ್ಣಿಗೆ ತಂಪಾಗಲಿ ಅಂತ ನೀಲಿ ಬೆಳಕು ತಡೆಯುವ ಫಿಲ್ಟರು ಬೇರೆ. ರೆಫ್ನ್‌ಗೆ ಬಣ್ಣಗುರುಡು, ನಡುಮಧ್ಯದ ಬಣ್ಣಗಳು ಕಾಣುವುದಿಲ್ಲ. ಅದಕ್ಕೇ ತನ್ನ ಸಿನಿಮಾಗಳಲ್ಲಿ ಬಣ್ಣಗಳನ್ನು ಒಂದಕ್ಕೊಂದು ಎದುರಾಬದುರು ನಿಲ್ಲಿಸುತ್ತೇನೆ ಎಂದು ಅವನೇ ಹೇಳಿಕೊಂಡಿದ್ದಾನೆ. ಇಲ್ಲಿ ಒಂದು ಕಡೆ ನೀಲಿ, ಒಂದು ಕಡೆ ಕಿತ್ತಳೆ. ಫಿಲ್ಟರು ನೀಲಿಯನ್ನು ತೆಗೆದು ಹಾಕಿದ ಮೇಲೆ ಇಡೀ ಸಿನಿಮಾ ಅರಿಶಿಣ. “ಕಲರ್ ಏನೂ ಇಲ್ಲ ಬಿಡೋ ಅದರಾಗ” ಎಂದು ಅವನು ಅಂದರೆ ಅವನ ಮಟ್ಟಿಗೆ ಅದು ಸತ್ಯವೇ.

ಟಿವಿಯವನ ಗೋಳು ಬೇರೆ. ಅಂಗಡಿಯಲ್ಲಿ ಟ್ಯೂಬ್‌ಲೈಟುಗಳ ನಡುವೆ ಎದ್ದು ಕಾಣಲೆಂದು ಟಿವಿಯನ್ನು ‘ವಿವಿಡ್’ ಮೋಡಿನಲ್ಲಿ ಇಟ್ಟಿರುತ್ತಾರೆ. ಮನೆಗೆ ತಂದ ಮೇಲೆ ಅದನ್ನು ಬದಲಿಸುವವರು ಕಡಿಮೆ. ಅದಕ್ಕಿಂತ ದೊಡ್ಡ ಪಿಡುಗು ಚಲನೆಯನ್ನು ನುಣುಪು ಮಾಡುವ ಸೆಟ್ಟಿಂಗು. ಟ್ರೂಮೋಷನ್, ಮೋಷನ್‌ಫ್ಲೋ ಎಂದು ಒಂದೊಂದು ಕಂಪನಿ ಒಂದೊಂದು ನಾಮಕರಣ ಮಾಡಿದೆ. ಸಿನಿಮಾ ಸೆಕೆಂಡಿಗೆ 24 ಚಿತ್ರದ ಲೆಕ್ಕದಲ್ಲಿ ಓಡುತ್ತದೆ. ಟಿವಿ ಮಧ್ಯೆ ಮಧ್ಯೆ ತಾನೇ ಹೊಸ ಚಿತ್ರ ಹುಟ್ಟಿಸಿ 50, 60ಕ್ಕೆ ಏರಿಸುತ್ತದೆ. ಕ್ರಿಕೆಟ್ಟಿಗೆ ಇದು ಅಡ್ಡಿಯಿಲ್ಲ. ಸಿನಿಮಾಕ್ಕೆ ಹಾಕಿದರೆ ಲಾಸ್ ಏಂಜಲಿಸ್‌ನ ಗೂಂಡಾಗಳೆಲ್ಲ ಸಂಜೆ ಏಳೂವರೆಯ ಸೀರಿಯಲ್ಲಿನ ಅತ್ತೆ ಮನೆಯಲ್ಲಿ ಓಡಾಡಿದಂತೆ ಕಾಣುತ್ತಾರೆ. ಸೆಟ್ಟಿಂಗ್ಸ್, ಪಿಕ್ಚರ್, ಅದರೊಳಗೆ ಮೋಷನ್ ಅಥವಾ ಕ್ಲಾರಿಟಿ ಅಂತ ಇರುವಲ್ಲಿ ಹೋಗಿ ಅದನ್ನು ಆಫ್ ಮಾಡಬೇಕು. ಇಲ್ಲವೇ 2020ರಿಂದ ಈಚಿನ ಹಲವು ಟಿವಿಗಳಲ್ಲಿ ‘ಫಿಲ್ಮ್‌ಮೇಕರ್ ಮೋಡ್’ ಎಂದು ಇರುತ್ತದೆ, ಅದನ್ನು ಒತ್ತಿದರೆ ಎಲ್ಲ ಒಮ್ಮೆಗೇ ಸರಿಯಾಗುತ್ತದೆ. ಮೊದಲ ಐದು ನಿಮಿಷ ಚಿತ್ರ ಮಂಕಾಗಿದೆ ಅನ್ನಿಸುತ್ತದೆ. ಕಣ್ಣು ಒಗ್ಗಬೇಕು. ಆ ಐದು ನಿಮಿಷದಲ್ಲೇ ಮನೆಯಲ್ಲಿ ಯಾರಾದರೂ “ಟೀವಿ ಕೆಟ್ಟೈತೇನು?” ಎಂದು ರಿಮೋಟು ಕಸಿದು ಮತ್ತೆ ವಿವಿಡ್‌ಗೆ ಹಾಕಿಬಿಡುವುದೂ ಉಂಟು.

ಸೌಂಡಿನದಂತೂ ಮನೆ ಒಡೆಯುವ ವಿಷಯ. ಇಂಥ ಚಿತ್ರಗಳಲ್ಲಿ ಮಾತು ಪಿಸುಗುಟ್ಟಿದಷ್ಟು, ಗುಂಡು ಗೋಡೆ ಬೀಳಿಸುವಷ್ಟು. ಥಿಯೇಟರಿನಲ್ಲಿ ಮಾತಿಗೆಂದೇ ಪರದೆಯ ಹಿಂದೆ ನಡುವೆ ಒಂದು ಸ್ಪೀಕರ್ ಮೀಸಲು. ಮನೆಯ ಟಿವಿಗೆ ಇರುವುದೇ ಎರಡು ಸ್ಪೀಕರ್, ಅವೂ ಗೋಡೆಗೋ ನೆಲಕ್ಕೋ ಮುಖ ಮಾಡಿದವು. ಆರು ದಾರಿಯ ಸದ್ದು ಎರಡರಲ್ಲಿ ತುರುಕಿದಾಗ ಮಾತು ಅಡಿಗೆ ಬೀಳುತ್ತದೆ. ನಾಯಕ ನಾಯಕಿ ಎದುರೆದುರು ನಿಂತು ಸುಮ್ಮನಿದ್ದಾರೋ, ಏನಾದರೂ ಅಂದರೋ ತಿಳಿಯದೆ ನಮ್ಮವನು ವಾಲ್ಯೂಮನ್ನು 12ರಿಂದ 38ಕ್ಕೆ ಏರಿಸುತ್ತಾನೆ. ಸರಿಯಾಗಿ ಆಗಲೇ ಮೋಟೆಲಿನಲ್ಲಿ ಬಂದೂಕು ಸಿಡಿಯುತ್ತದೆ. ಒಳಕೋಣೆಯಲ್ಲಿ ಮಲಗಿದ್ದ ಮುತ್ತ್ಯಾ ಎದ್ದು ಕೂತು, ಸಿಲಿಂಡರು ಒಡೆಯಿತೆಂದು ಅಡುಗೆಮನೆಗೆ ಓಡುತ್ತಾನೆ. ಪ್ಲೇಯರಿನಲ್ಲಿ ಆರು ದಾರಿಯ 5.1 ಬದಲು ಎರಡು ದಾರಿಯ ಸ್ಟೀರಿಯೊ ಆರಿಸಿಕೊಂಡು, ಟಿವಿಯ ಸೌಂಡನ್ನು ‘ಕ್ಲಿಯರ್ ವಾಯ್ಸ್’ ಅಥವಾ ‘ನೈಟ್ ಮೋಡ್’ಗೆ ಹಾಕಿದರೆ ಮಾತೂ ಕೇಳುತ್ತದೆ, ಮುತ್ತ್ಯಾನ ನಿದ್ದೆಯೂ ಉಳಿಯುತ್ತದೆ.

ಮನೆಮಂದಿ ಜೊತೆ ನೋಡಿದವನದು ಸಿನಿಮಾವೇ ಹೆಣೆದಿಟ್ಟ ಬಲೆ. 100 ನಿಮಿಷದ ಚಿತ್ರ ಹೆಚ್ಚೂಕಡಿಮೆ ಅರ್ಧದವರೆಗೆ ಸಾಧು ಹಸು. ಪಕ್ಕದ ಮನೆಯಾಕೆ, ಪುಟ್ಟ ಹುಡುಗ, ಕಾರಿನಲ್ಲಿ ಸುತ್ತಾಟ, ಹಿಂದೆ ಇಂಪಾದ ಸಂಗೀತ. ಮೂಲೆಯಲ್ಲಿ ವಯಸ್ಸಿನ ಸೂಚನೆ ಬಂದು ಹೋಗುವಾಗ ಎಲ್ಲರ ಕಣ್ಣು ಮಿರ್ಚಿ ಭಜಿಯ ತಟ್ಟೆಯ ಮೇಲೆ. ಅವ್ವ ರೊಟ್ಟಿ ಬಡಿಯುವುದು ಮುಗಿಸಿ, ಕೈ ಒರೆಸಿಕೊಳ್ಳುತ್ತ ಬಂದು “ಪಾಪ, ಛಲೋ ಹುಡುಗ ಕಾಣಸ್ತಾನ” ಎಂದು ಕೂರುತ್ತಾಳೆ. ಆಮೇಲೆ ನಡೆಯುವುದನ್ನು ತಡೆಯಲು ಒಂದೇ ಹಾದಿ: ಗಂಡ ಜೈಲಿನಿಂದ ವಾಪಸು ಬಂದ ಕೂಡಲೇ ಊಟಕ್ಕೆ ಏಳಿಸಬೇಕು.

ಇನ್ನು ಲಿಫ್ಟು. ಎಲ್ಲ ಜಗಳಗಳೂ ಕೊನೆಗೆ ಬಂದು ನಿಲ್ಲುವುದು ಅದರ ಬಾಗಿಲಲ್ಲಿ. ನಾಯಕ, ನಾಯಕಿ, ಕೊಲ್ಲಲು ಬಂದ ಮೂರನೆಯವನು. ಒಳಗೆ ಮೂರೇ ಜನ. ಅಂಗಿಯೊಳಗಿನ ಪಿಸ್ತೂಲು ನಾಯಕನ ಕಣ್ಣಿಗೆ ಬಿತ್ತು. ಅವಳನ್ನು ಒಂದು ಕೈಯಿಂದ ಮೂಲೆಗೆ ಸರಿಸಿದ. ಲಿಫ್ಟಿನ ಬೆಳಕು ತಾನಾಗಿ ಇಳಿಯಿತು, ಅವರಿಬ್ಬರ ಮೇಲೆ ಮಾತ್ರ ಹೊನ್ನಿನ ಬೆಳಕು ಉಳಿಯಿತು. ನಿಧಾನವಾಗಿ ಒಂದು ಮುತ್ತು. ಬೆಳಕು ಮತ್ತೆ ಮೊದಲಿನಂತೆ. ಆಮೇಲೆ ಬೂಟುಗಾಲು, ಆ ಮನುಷ್ಯನ ತಲೆ. ಬಾಗಿಲು ತೆರೆದು ಅವಳು ಹಿಂದೆ ಹಿಂದೆ ಹೆಜ್ಜೆ ಇಡುತ್ತಾಳೆ.

“ಲೈಟ್ ಯಾಕ ಸಣ್ಣ ಆತು?”

“ವೋಲ್ಟೇಜ್ ಬಿದ್ದಿರಬೇಕು.”

ವೈರಿಂಗ್ ಕೆಲಸ ಮಾಡುವವನೊಬ್ಬ ಪಕ್ಕದ ಬೆಂಚಿನಲ್ಲಿ ಇದ್ದರೆ ಮುಗಿಯಿತು. ವೋಲ್ಟೇಜ್ ಬಿದ್ದರೆ ಮೋಟಾರು ಮೊದಲು ಗೊಣಗಬೇಕು, ಲಿಫ್ಟು ಜರ್ಕು ಹೊಡೆಯಬೇಕು, ಇದರಲ್ಲಿ ಎರಡೂ ಇಲ್ಲ, ಆದ್ದರಿಂದ ಇದು ಡಿಮ್ಮರ್ ಎಂದು ಅವನು ತೀರ್ಪು ಕೊಡುತ್ತಾನೆ. ಸೋಜಿಗವೆಂದರೆ ನಾಲ್ಕು ಜನ ರಸಿಕರಿಗಿಂತ ಅವನೇ ಸತ್ಯಕ್ಕೆ ಹತ್ತಿರ. ಆ ಬೆಳಕು ಕಟ್ಟಡದ್ದಲ್ಲ, ಮನಸ್ಸಿನದು. ಕ್ಯಾಮೆರಾದವರು ದೀಪ ಇಳಿಸಿ, ಈ ಹುಡುಗನಿಗೆ ಇನ್ನು ಮುಂದೆ ಇಂಥ ಗಳಿಗೆ ಇಲ್ಲ ಎಂದು ಹೇಳಿಬಿಟ್ಟಿದ್ದಾರೆ. ಮುತ್ತು ಮತ್ತು ಕೊಲೆ ಒಂದೇ ಡಬ್ಬಿಯೊಳಗೆ, ನಡುವೆ ಉಸಿರು ಬಿಡುವಷ್ಟು ಜಾಗವಿಲ್ಲದೆ ಇರುವುದಕ್ಕೇ ಆ ಸೀನು ಹೊಟ್ಟೆಯಲ್ಲಿ ಕೂರುತ್ತದೆ. ಹತ್ತು ನಿಮಿಷದ ವಿಡಿಯೊದವನಿಗೆ ಇದು ‘ಹೀರೋ ವಿಲನ್‌ನ ತಲಿ ಒಡದ’ ಎಂಬ ಮೂರು ಸೆಕೆಂಡು.

ರಕ್ತದ ವಿಷಯಕ್ಕೂ ಒಂದು ಮಾತು, ಯಾಕೆಂದರೆ “ಎಲ್ಲಾ ಟೊಮ್ಯಾಟೊ ಸಾಸ್ ಬಿಡ್ರಿ” ಅನ್ನುವವನು ಪ್ರತಿ ಗುಂಪಿನಲ್ಲೂ ಇದ್ದಾನೆ. ಸಾಸು ಹರಿಯುವುದಿಲ್ಲ, ಮುದ್ದೆಯಾಗಿ ಕೂರುತ್ತದೆ. ಗಟ್ಟಿ ಸಕ್ಕರೆ ಪಾಕಕ್ಕೆ ಕೆಂಪು ಬಣ್ಣ, ಕೇಸರಿ ಛಾಯೆ ಕಳೆಯಲು ತುಸು ಕೋಕೊ ಪುಡಿ ಸೇರಿಸುತ್ತಾರೆ. 1960ರ ‘ಸೈಕೊ’ದಲ್ಲಿ ಸ್ನಾನದ ಮನೆಯ ರಕ್ತ ಚಾಕೊಲೇಟ್ ಸಿರಪ್, ಕಪ್ಪು-ಬಿಳುಪಿನಲ್ಲಿ ಯಾರು ಕೇಳುತ್ತಾರೆ? ಮೂಳೆ ಮುರಿದ ಸದ್ದಿಗೆ ಸೆಲರಿ ಸೊಪ್ಪಿನ ದಂಟು ಮುರಿಯುತ್ತಾರೆ, ಹೊಡೆತಕ್ಕೆ ಎಲೆಕೋಸು ಕುಟ್ಟುತ್ತಾರೆ. ಕಣ್ಣು ಮುಚ್ಚಿಕೊಂಡವರಿಗೇ ಹೆಚ್ಚು ಹೆದರಿಕೆಯಾಗುವುದು ಇದರಿಂದ. ಮುಚ್ಚಬೇಕಾದದ್ದು ಕಿವಿ. ಈ ಚಿತ್ರಕ್ಕೆ ಸಿಕ್ಕ ಏಕೈಕ ಆಸ್ಕರ್ ನಾಮನಿರ್ದೇಶನವೂ ಸೌಂಡ್ ಎಡಿಟಿಂಗಿಗೇ.

ಅಭಿಮಾನ ಬಾಯಿಂದ ಮೈಗೆ ಇಳಿದಾಗ ನಾಯಕ ತೊಟ್ಟಂಥ ಜಾಕೆಟ್ಟು ಹೊಲಿಸುವ ಹಂತ ಬರುತ್ತದೆ. ಬಿಳಿ ಸ್ಯಾಟಿನ್, ಬೆನ್ನ ಮೇಲೆ ಬಂಗಾರದ ಚೇಳು. ಸ್ಯಾಟಿನ್ ಜಾರುವ ಬಟ್ಟೆ. ಅಡಿಗೆ ಬಕ್ರಮ್ ಎಂಬ ಗಟ್ಟಿ ಬಟ್ಟೆ ಕೊಡದೆ ಎಂಬ್ರಾಯ್ಡರಿ ಮಷಿನ್ನಿಗೆ ಹಾಕಿದರೆ ದಾರ ಎಳೆದು ಸುತ್ತಲೂ ಸುಕ್ಕು ಬೀಳುತ್ತದೆ. ಸೂಜಿ ಸಣ್ಣದಿರಬೇಕು, ದಪ್ಪ ಸೂಜಿ ಮಾಡಿದ ತೂತು ಸ್ಯಾಟಿನ್ನಿನಲ್ಲಿ ಮುಚ್ಚುವುದಿಲ್ಲ. ಫೋಟೊ ಕಳಿಸುವಾಗ ಕಾಲು ಎಣಿಸಿ ಕಳಿಸಬೇಕು: ಚೇಳಿಗೆ ಎಂಟು ಕಾಲು, ಮುಂದೆ ಎರಡು ಇಕ್ಕಳ. ಟೇಲರು ದಾರ ಉಳಿಸಲು ಆರಕ್ಕೆ ಮುಗಿಸಿ, ಬಾಲವನ್ನು ಗಿಡ್ಡ ಮಾಡಿದರೆ ಬೆನ್ನ ಮೇಲೆ ಏಡಿ ಕೂರುತ್ತದೆ. ಒಂದು ವೇಳೆ ಚೇಳು ಥೇಟು ಚೇಳಿನಂತೆಯೇ ಬಂತೆನ್ನಿ, ಆಗ ಇನ್ನೊಂದು ಅಪಾಯ. ಹಳೆ ಕಲ್ಲಿನ ಮನೆಗಳ ಊರು, ಚೇಳು ಇಲ್ಲಿ ಫ್ಯಾಷನ್ ಅಲ್ಲ. ಸಂಜೆಗತ್ತಲಲ್ಲಿ ಹಗ್ಗದ ಮೇಲೆ ಒಣಗಲು ಹಾಕಿದ ಜಾಕೆಟ್ಟಿಗೆ ಆಯಿ ಕಾಲಾಗಿನ ಚಪ್ಪಲಿ ತೆಗೆದುಕೊಂಡು ನಾಲ್ಕು ಬಾರಿಸಿದರೆ ಆಯಿಯನ್ನು ಬೈಯುವಂತಿಲ್ಲ. ಏಪ್ರಿಲ್-ಮೇದ ನಲವತ್ತು ಡಿಗ್ರಿಯಲ್ಲಿ ಪಾಲಿಯೆಸ್ಟರ್ ಸ್ಯಾಟಿನ್ ತೊಟ್ಟು ಬೈಕು ಹತ್ತಿದವನು ಸ್ಟೇಷನ್ ರೋಡು ಮುಟ್ಟುವುದರೊಳಗೆ ಮಾತು ಬಿಟ್ಟಿರುತ್ತಾನೆ. ಅಷ್ಟರ ಮಟ್ಟಿಗೆ ನಾಯಕನ ಹೋಲಿಕೆ ಪಕ್ಕಾ.

ಚಿತ್ರದ ಮೊದಲ ಸೀನಿನ ಐದು ನಿಮಿಷದ ನಿಯಮವನ್ನು ವಿಜಯಪುರಕ್ಕೆ ಹಚ್ಚಿ ನೋಡುವುದು ಚರ್ಚೆಯ ಅತ್ಯಂತ ರಸವತ್ತಾದ ಭಾಗ. ಕಳ್ಳರು ಒಳಗೆ ಹೋಗಿ ಬರಲು ಐದು ನಿಮಿಷ ಕಾಯುತ್ತೇನೆ, ಅದರಾಚೆ ನನಗೂ ನಿಮಗೂ ಸಂಬಂಧವಿಲ್ಲ ಎನ್ನುತ್ತಾನೆ ಚಾಲಕ. ಸ್ಟೀರಿಂಗಿಗೆ ಕೈಗಡಿಯಾರ ಕಟ್ಟಿರುತ್ತಾನೆ. ಯಾರೂ ತಿರುಗಿ ನೋಡದಿರಲೆಂದು ಊರ ತುಂಬ ಓಡಾಡುವಂಥ ಬೂದು ಇಂಪಾಲಾ ಕಾರು. ರೇಡಿಯೊದಲ್ಲಿ ಬಾಸ್ಕೆಟ್‌ಬಾಲ್ ಕಾಮೆಂಟರಿ ಕೇಳುತ್ತ, ಪಂದ್ಯ ಮುಗಿದು ಜನ ಹೊರಬೀಳುವ ಹೊತ್ತಿಗೆ ಸರಿಯಾಗಿ ಅಲ್ಲಿಗೆ ತಲುಪಿ, ಟೋಪಿ ಹಾಕಿಕೊಂಡು ಜನರಲ್ಲಿ ಬೆರೆಯುತ್ತಾನೆ. ಇಲ್ಲಿ ಐದು ನಿಮಿಷದಲ್ಲಿ ಗಾಂಧಿ ಚೌಕದಿಂದ ಗೋಳಗುಮ್ಮಟದ ಕಡೆ ಹೊರಟವನು ಒಂದು ಟಾಂಗಾ, ಎರಡು ಟಂಟಂ, ರಸ್ತೆ ನಡುವೆ ನಿಂತು ಮಾತಾಡುವ ಬೀಗರು ಇವರನ್ನು ದಾಟಿದರೆ ಹೆಚ್ಚು. ಊರ ತುಂಬ ಇರುವಂಥ ಬಿಳಿ ಕಾರೇ ಹಿಡಿದರೂ ಹಿಂದಿನ ಗಾಜಿನ ಮೇಲೆ ‘ಸಿದ್ಧೇಶ್ವರ ಪ್ರಸನ್ನ’, ಕೆಳಗೆ ಇಬ್ಬರು ಮಕ್ಕಳ ಹೆಸರು, ಮನೆತನದ ಅಡ್ಡಹೆಸರು. ಪೊಲೀಸರು ಬೆನ್ನು ಹತ್ತುವ ಅಗತ್ಯವೇ ಇಲ್ಲ, ನೇರ ಮನೆಗೆ ಹೋಗಿ ಚಹಾ ಕುಡಿಯುತ್ತ ಕೂರಬಹುದು. ಜನರಲ್ಲಿ ಬೆರೆಯಲು ಸಂಕ್ರಮಣದ ಸಿದ್ಧೇಶ್ವರ ಜಾತ್ರೆ ಇದೆ ನಿಜ, ಮದ್ದು ಸುಡುವ ಹೊತ್ತಿಗೆ ಕಾಲಿಡಲು ಜಾಗವಿರುವುದಿಲ್ಲ. ಆದರೆ ಟೋಪಿ ಹಾಕಿಕೊಂಡು ಇಳಿದ ಕೂಡಲೇ ಯಾರೋ ಹಿಂದಿನಿಂದ ಹೆಗಲ ಮೇಲೆ ಕೈ ಹಾಕಿ “ಏನ್ ದೋಸ್ತ, ಟೊಪಗಿ ಹಾಕ್ಕೊಂಡ ಎತ್ತಾಗ?” ಅನ್ನುತ್ತಾನೆ.

ಹೆಸರು ‘ಡ್ರೈವ್’ ಆದರೂ ಕಾರು ಓಡುವುದು ಕಡಿಮೆ ಎಂಬ ದೂರು ನಮ್ಮ ಬೆಂಚಿನದಷ್ಟೇ ಅಲ್ಲ. ಅಮೆರಿಕದ ಮಿಷಿಗನ್‌ನಲ್ಲಿ ಒಬ್ಬ ಮಹಿಳೆ, ಟ್ರೇಲರಿನಲ್ಲಿ ರೇಸಿನ ಸಿನಿಮಾದಂತೆ ತೋರಿಸಿ ಮೋಸ ಮಾಡಿದರೆಂದು 2011ರಲ್ಲೇ ಕೋರ್ಟಿಗೆ ಹೋಗಿದ್ದರು. ನಿರ್ದೇಶಕನಿಗೆ ಸ್ವತಃ ಕಾರು ಓಡಿಸಲು ಬರುವುದಿಲ್ಲ ಎಂಬ ಸಂಗತಿ ಅವರಿಗೆ ಆಗ ಗೊತ್ತಿತ್ತೋ ಇಲ್ಲವೋ.

ಕೊನೆಯಲ್ಲಿ ನಾಯಕನ ಹೊಟ್ಟೆಗೆ ಚಾಕು ಬಿದ್ದಿದೆ. ಕಾರಿನಲ್ಲಿ ಕದಲದೆ ಕೂತಿದ್ದಾನೆ, ಬಹಳ ಹೊತ್ತಿನ ಮೇಲೆ ಒಮ್ಮೆ ರೆಪ್ಪೆ ಬಡಿಯುತ್ತಾನೆ. ಮೊಬೈಲಿನವನಿಗೆ ರೆಪ್ಪೆ ಕಂಡಿಲ್ಲ, ಆದ್ದರಿಂದ ಸತ್ತ. ಟಿವಿಯವನಿಗೆ ಕಂಡಿದೆ, ಆದ್ದರಿಂದ ಬದುಕಿದ. “ಸತ್ತಾವ ಗಾಡಿ ಹೊಡಕೊಂಡ ಹೊಕ್ಕಾನೇನೋ?” “ಅದು ಅವನ ಆತ್ಮಲೇ.” ಇಷ್ಟು ಹೊತ್ತು ಮೂಲೆಯಲ್ಲಿ ದಿನದ ವಸೂಲಿ ಬರೆಯುತ್ತ ಕೂತಿದ್ದ ಪಿಗ್ಮಿ ಏಜೆಂಟರು ಅಂಗೈ ಮೇಲಿನ ಮಷಿನ್ನಿನಿಂದ ತಲೆ ಎತ್ತಿದರು. ಅವರಿಗೆ ಸಾವು-ಬದುಕಿನ ಚಿಂತೆಯಿಲ್ಲ. ಹತ್ತು ಲಕ್ಷ ಡಾಲರಿದ್ದ ಚೀಲವನ್ನು ಅವನು ಪಾರ್ಕಿಂಗಿನಲ್ಲಿ ಹೆಣದ ಪಕ್ಕ ಬಿಟ್ಟು ಹೋದ ಎಂಬುದು ಆಗಷ್ಟೇ ಕಿವಿಗೆ ಬಿದ್ದಿತ್ತು.

“ಅಂದಾಜ ಎಷ್ಟ ಆಕ್ಕೈತಿ ನಮ್ಮ ರೊಕ್ಕದಾಗ?”

“ಆಗಿನ ರೇಟಿಗೆ ಐದ ಕೋಟಿ ಹತ್ರ ಹತ್ರ, ಸಾಹೇಬ್ರ.”

“ಹಂಗಾರ ಸತ್ತಿದ್ದ ಖರೇ. ಬದಕಿದ್ದಾವ ಬಿಟ್ಟ ಹೊಕ್ಕಿದ್ದಿಲ್ಲ.”