ಹಾಲು ‘ಶುದ್ಧ ವಸ್ತು’ವಲ್ಲ: ಒಂದು ಸ್ಪಷ್ಟನೆ

ಕಲಬೆರಕೆಯಿಲ್ಲದ ಹಾಲು ರಸಾಯನಶಾಸ್ತ್ರದ ಪ್ರಕಾರ ಶುದ್ಧ ವಸ್ತು, ಹೋಮೋಜಿನೈಸ್ ಮಾಡಿದ ಪ್ಯಾಕೆಟ್ ಹಾಲು ಸಮರೂಪ ಮಿಶ್ರಣ (ಎಲ್ಲೆಡೆ ಒಂದೇ ತೆರನಾಗಿ ಬೆರೆತದ್ದು) ಎಂಬ ಟಿಪ್ಪಣಿಯೊಂದು ಹುಬ್ಬಳ್ಳಿ-ಧಾರವಾಡದ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇವೆರಡೂ ತಪ್ಪು.

ಗೌಳಿಗರು ‘ಶುದ್ಧ’ ಎಂದಾಗ ನೀರು ಬೆರೆಸಿಲ್ಲವೆಂದು ಅರ್ಥ. ರಸಾಯನಶಾಸ್ತ್ರದಲ್ಲಾದರೋ ಒಂದೇ ಧಾತು ಅಥವಾ ಒಂದೇ ಸಂಯುಕ್ತವಿರುವುದು ಮಾತ್ರ ಶುದ್ಧ ವಸ್ತು. ಹಾಲಿನಲ್ಲಿ ಸುಮಾರು ಶೇ. 87ರಷ್ಟು ನೀರಿದ್ದು, ಉಳಿದದ್ದು ಕೊಬ್ಬು, ಪ್ರೋಟೀನ್, ಲ್ಯಾಕ್ಟೋಸ್ ಮತ್ತು ಲವಣಗಳು. ಆದ್ದರಿಂದ ಅದು ಮಿಶ್ರಣವೇ.

ಎರಡನೆಯ ತಪ್ಪಿಗೆ ಹೆಸರೇ ಕಾರಣವಿರಬೇಕು: ‘ಹೋಮೋಜಿನೈಸ್’ ಎಂದರೆ ಸಮರೂಪಗೊಳಿಸು ಎಂದರ್ಥ. ಹೋಮೋಜಿನೈಸ್ ಮಾಡುವಾಗ ಹಾಲನ್ನು ಹೆಚ್ಚಿನ ಒತ್ತಡದಲ್ಲಿ ಕಿರಿದಾದ ಸಂದಿಯ ಮೂಲಕ ಹಾಯಿಸುವುದರಿಂದ ಕೊಬ್ಬಿನ ಗೋಲಿಗಳು ಒಡೆದು ಬಹುಪಾಲು ಒಂದೆರಡು ಮೈಕ್ರೋಮೀಟರಿಗಿಂತ ಚಿಕ್ಕದಾಗುತ್ತವೆ, ಕೆನೆ ಮೇಲೇರುವುದು ನಿಧಾನವಾಗುತ್ತದೆ. ಆದರೆ ಕೊಬ್ಬು ನೀರಿನಲ್ಲಿ ಕರಗುವುದಿಲ್ಲ. ಸೂಕ್ಷ್ಮದರ್ಶಕದಲ್ಲಿ ಗೋಲಿಗಳು ಕಾಣುತ್ತವೆ. ಒಂದು ಲೋಟ ನೀರಿಗೆ ಕೆಲವೇ ಹನಿ ಹಾಲು ಬೆರೆಸಿ ಟಾರ್ಚ್ ಹಿಡಿದರೆ ಬೆಳಕಿನ ಹಾದಿ ಸ್ಪಷ್ಟವಾಗುತ್ತದೆ (ಇದಕ್ಕೆ ಪ್ರಯೋಗಾಲಯವೇ ಬೇಡ, ಅಡುಗೆಮನೆ ಸಾಕು). ಉಪ್ಪಿನ ತಿಳಿ ದ್ರಾವಣದಲ್ಲಿ ಹಾಗಾಗುವುದಿಲ್ಲ. ಹೀಗೆ ತೇಲುವ ಸಣ್ಣ ಕಣಗಳು ಬೆಳಕನ್ನು ಚದುರಿಸಿ ಅದರ ಹಾದಿ ಕಾಣಿಸುವುದೇ ಟಿಂಡಾಲ್ ಪರಿಣಾಮ. ಹಾಗಾಗಿ ಹಾಲು ಕಲಿಲ (ಕೊಲಾಯ್ಡ್), ಅಂದರೆ ಕರಗದ ಸಣ್ಣ ಕಣಗಳು ಹರಡಿಕೊಂಡಿರುವ ಅಸಮರೂಪ ಮಿಶ್ರಣ.

ಇದೇ ತರ್ಕದಂತೆ, ಮಲಪ್ರಭೆಯಿಂದ ನಮ್ಮ ನಲ್ಲಿಗೆ ಬರುವ ನೀರು ಎಷ್ಟೇ ತಿಳಿಯಾಗಿದ್ದರೂ ಕರಗಿದ ಲವಣಗಳಿರುವುದರಿಂದ ಶುದ್ಧ ವಸ್ತುವಲ್ಲ, ಸಮರೂಪ ಮಿಶ್ರಣ.